ಬ್ಯಾಡಗಿಯಿಂದ ಬಿದ್ದ ಯ ಒತ್ತು

ಹುಬ್ಬಳ್ಳಿಯ ಫೋಟೋ ಸ್ಟುಡಿಯೋ ಒಂದು ಬಾಗಿಲು ಹಾಕಿದಾಗ ಅದರ ಬಿಳಿಯ ಮ್ಯಾಕ್ ಲ್ಯಾಪ್‌ಟಾಪು ನನ್ನ ಪಾಲಿಗೆ ಬಂತು. ಧಾರವಾಡದಲ್ಲಿ ಎಂ.ಎ. ಮುಗಿಸಿ ಹಾವೇರಿಗೆ ಮರಳಿದ್ದ ನಾನು ಆಗ ಸಣ್ಣ ವಾರಪತ್ರಿಕೆಯೊಂದಕ್ಕೆ ಬರೆಯುತ್ತಿದ್ದೆ. ಬರೆಯುತ್ತಿದ್ದೆ ಅನ್ನುವುದಕ್ಕಿಂತ ಕೇಳುತ್ತಿದ್ದೆ ಅನ್ನುವುದು ಹೆಚ್ಚು ಸರಿ. ನಲ್ಲಿಯಿದ್ದು ನೀರಿಲ್ಲವೆಂದರೆ ಹೊಣೆ ಯಾರು? ಬೀದಿದೀಪ ಹಗಲಿನಲ್ಲಿ ಉರಿದು ಸಂಜೆಗೆ ಆರಿದರೆ ಉತ್ತರಿಸಬೇಕಾದವರು ಯಾರು? ಮಾಹಿತಿ ಹಕ್ಕಿನ ಕಾಯಿದೆ ಇನ್ನೂ ಹೊಸದು. ನನ್ನ ಚೀಲದಲ್ಲಿ ಬಾಚಣಿಗೆ ಇಲ್ಲದ ದಿನ ಇರಬಹುದು, ಅರ್ಜಿಯ ನಮೂನೆ ಇಲ್ಲದ ದಿನವಿರಲಿಲ್ಲ. ಇಂಥ ಪ್ರಶ್ನೆಗಳನ್ನು ಕೇಳುವವಳಿಗೆ ಒಂದು ಘನವಾದ ಯಂತ್ರ ಇರಬೇಕೆಂಬ ಜಂಬದಿಂದಲೇ ನಾನು ಆ ಮ್ಯಾಕನ್ನು ಕೊಂಡದ್ದು. ಇಡೀ ಹಾವೇರಿಯಲ್ಲಿ ಅಂಥದ್ದು ಇನ್ನೊಂದನ್ನು ನಾನು ಕಂಡಿರಲಿಲ್ಲ. ಅದರ ಕಷ್ಟವನ್ನು ತಿಳಿದವರನ್ನೂ ಕಂಡಿರಲಿಲ್ಲ ಎಂಬುದು ಆಮೇಲೆ ಹೊಳೆಯಿತು.

ಆ ವರ್ಷದ ಬೇಸಿಗೆಯಲ್ಲಿ ಬ್ಯಾಡಗಿಯ ನನ್ನ ಸೋದರತ್ತೆ ಒಂದು ನಿರ್ಧಾರ ಮಾಡಿದಳು. ಅವಳ ಖಾರಪುಡಿ ನಮ್ಮ ಬಳಗದಲ್ಲೆಲ್ಲ ಹೆಸರುವಾಸಿ. ತೆಳ್ಳನೆಯ ಕಡ್ಡಿ ಮೆಣಸಿನಕಾಯಿ ಎಷ್ಟು, ಗುಂಡನೆಯ ಡಬ್ಬಿ ಮೆಣಸಿನಕಾಯಿ ಎಷ್ಟು, ಬಿಸಿಲಿಗೆ ಹಾಕಿದ್ದನ್ನು ಯಾವ ಹೊತ್ತಿಗೆ ನೆರಳಿಗೆ ಎಳೆಯಬೇಕು ಎಂಬುದು ಅವಳ ಬೆರಳಿಗೆ ಗೊತ್ತು. ಮದುವೆಯಾಗಿ ಬಂದಾಗಿನಿಂದ ಅವಳು ಕುಟ್ಟಿದ್ದೆಲ್ಲ ಬೇರೆಯವರ ಮನೆಯ ಡಬ್ಬಿಗಳನ್ನು ತುಂಬಿತ್ತು, ಹಬ್ಬಕ್ಕೆ ಬಂದವರು ಹೊತ್ತು ಹೋಗುತ್ತಿದ್ದರು, "ಏನ್ ಬಣ್ಣ ಬೇ ಯವ್ವಾ!" ಎಂದು ಹೊಗಳುತ್ತಿದ್ದರು, ಅಲ್ಲಿಗೆ ಮುಗಿಯಿತು. ಈಗ ಅದನ್ನು ಪೊಟ್ಟಣ ಕಟ್ಟಿ ತನ್ನ ಹೆಸರಿನಲ್ಲಿ ಮಾರುವುದು ಎಂದು ಅತ್ತೆ ಹಟ ಹಿಡಿದಿದ್ದಳು. ಹಾವೇರಿಯ ದೊಡ್ಡ ಕಿರಾಣಿ ಅಂಗಡಿಯ ಮಾಲೀಕರು ಕಪಾಟಿನಲ್ಲಿ ಒಂದು ಸಾಲು ಬಿಟ್ಟುಕೊಡಲು ಒಪ್ಪಿದ್ದರು. ಒಪ್ಪಿಗೆಗೆ ಒಂದು ಬಾಲವಿತ್ತು: ಅಚ್ಚಾದ ಲೇಬಲ್ಲು ಅಂಟಿಸಿದ ಪೊಟ್ಟಣಗಳು ಇಂಥ ಸೋಮವಾರದೊಳಗೆ ಬರಬೇಕು. ಬರದಿದ್ದರೆ ಆ ಸಾಲು ಹೊರಗಿನ ಒಂದು ಕಂಪನಿಯ ಪಾಲು.

"ಲೇಬಲ್ ನಾ ಮಾಡ್ತೇನಿ ಅತ್ತಿ," ಎಂದೆ ನಾನು.

"ಬರಿಯೂದು ಬ್ಯಾರೆ, ಚಿತ್ರಾ ತಗಿಯೂದು ಬ್ಯಾರೆ. ಬರ್ತದೇನು ನಿನಗ?"

"ಬರ್ತದ. ನನ್ನ ಕಡೆ ಮ್ಯಾಕ್ ಅದ."

"ಅದೇನೋ ಇರ್ಲಿ. ಸೋಮವಾರ ಅಂದ್ರ ಸೋಮವಾರ, ನೋಡ ಮತ್ತ."

ರಾಣೆಬೆನ್ನೂರಿನ ಅಚ್ಚುಕೂಟದವರು ನಮ್ಮ ಮನೆಗೆ ಹಳೆಯ ಪರಿಚಯ. ಅವರ ಟೇಬಲ್ಲಿನ ಮೇಲೆ ಅರಿಶಿನ ಹಚ್ಚಿದ ಲಗ್ನಪತ್ರಿಕೆಗಳು ಎದೆಮಟ್ಟ ಪೇರಿಸಿದ್ದವು. "ನಮ್ಮ ಡಿಸೈನ್ ಮಾಡಾಂವ ಲಗ್ನದಾಗ ಮುಳುಗ್ಯಾನ್ರಿ ಮೇಡಮ್ಮಾರ," ಎಂದರು. "ಎರಡ ವಾರ ತಲಿ ಎತ್ತೂದಿಲ್ಲ. ನೀವ ಮಾಡ್ಕೊಂಡ ಬಂದ್ರ ಬುಧವಾರ ಮಷಿನ್‌ಗೆ ಹಚ್ತೇನಿ. ಆದ್ರ ಈ ಸಾಫ್ಟ್‌ವೇರಿನ ಫೈಲೇ ಬೇಕ ನೋಡ್ರಿ. ಪ್ಲೇಟ್ ಮಾಡಾಂವ ಬ್ಯಾರೆ ಏನ ಕೊಟ್ರೂ ಮುಟ್ಟೂದಿಲ್ಲ." ಅವರು ಬೆರಳು ತೋರಿಸಿದ ಪರದೆಯ ಮೇಲೆ ಇದ್ದದ್ದು ಆಗ ನಮ್ಮ ಕಡೆಯ ಪ್ರತಿ ಅಚ್ಚುಕೂಟವನ್ನೂ ಆಳುತ್ತಿದ್ದ ಒಂದು ವಿನ್ಯಾಸದ ತಂತ್ರಾಂಶ. ಅದು ವಿಂಡೋಸಿನಲ್ಲಿ ಮಾತ್ರ ನಡೆಯುತ್ತಿತ್ತು.

ಹಾಗಾದರೆ ಮ್ಯಾಕಿನೊಳಗೇ ವಿಂಡೋಸನ್ನು ಕೂರಿಸುವುದು. ಅದಕ್ಕೊಂದು ಉಪಾಯವಿದೆ ಎಂದು ಇಂಟರ್ನೆಟ್ಟಿನಲ್ಲಿ ಓದಿದ್ದೆ. ಯಂತ್ರದೊಳಗೆ ಇನ್ನೊಂದು ಸುಳ್ಳು ಯಂತ್ರವನ್ನು ಕಟ್ಟುವ ತಂತ್ರಾಂಶವೊಂದು ಸಿಗುತ್ತದೆ. ಆ ಸುಳ್ಳು ಯಂತ್ರದಲ್ಲಿ ವಿಂಡೋಸ್ ತಾನು ಸ್ವತಂತ್ರ ಮನೆಯಲ್ಲಿದ್ದೇನೆಂದೇ ನಂಬಿಕೊಂಡು ಬಾಳುತ್ತದೆ. ಅದನ್ನು ಹಾಕಲು ನನಗೆ ಒಂದಿಡೀ ಭಾನುವಾರ ಹಿಡಿಯಿತು. ಮ್ಯಾಕಿನ ಕಿಟಕಿಯೊಂದರಲ್ಲಿ ವಿಂಡೋಸಿನ ಹಸಿರು ಗುಡ್ಡ, ನೀಲಿ ಆಕಾಶ ಮೂಡಿದಾಗ ನಾನು ಎದ್ದು ಚಪ್ಪಾಳೆ ಹೊಡೆದೆ. ಒಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಒದರುತ್ತಿತ್ತು. ಇದ್ದ ಒಂದೇ ಜಿ.ಬಿ. ಮೆಮೊರಿಯನ್ನು ಇಬ್ಬರು ಹಂಚಿಕೊಳ್ಳಬೇಕಾಗಿದ್ದರಿಂದ ಒಂದು ಗೆರೆ ಎಳೆದರೆ ಅದು ಪರದೆಗೆ ಬರುವಷ್ಟರಲ್ಲಿ ಒಂದು ಗುಟುಕು ಚಹಾ ಮುಗಿಯುತ್ತಿತ್ತು.

ಮರುದಿನ ಪ್ಯಾಸೆಂಜರ್ ಗಾಡಿಯಲ್ಲಿ ಬ್ಯಾಡಗಿಗೆ ಹೋಗಿ ಅತ್ತೆಗೆ ಈ ಅದ್ಭುತವನ್ನು ತೋರಿಸಿದೆ. ವಿವರಿಸಿದೆ: ಹೊರಗಿರುವುದು ಮ್ಯಾಕು, ಒಳಗಿರುವುದು ವಿಂಡೋಸು, ಒಳಗಿನದ್ದಕ್ಕೆ ತಾನು ಒಳಗಿದ್ದೇನೆಂದು ಗೊತ್ತಿಲ್ಲ.

ಅತ್ತೆ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಲೇ ಕೇಳಿದಳು. "ಅಂದ್ರ ಬಾಡಗಿ ಇಟ್ಟೀ ಅನ್ನು."

"ಹಂಗ ಅನ್ನಬೌದು."

"ಮನಿ ಮಾಲಕಗ ಗೊತ್ತೈತಿ, ಬಾಡಗಿಯವಗ ಗೊತ್ತಿಲ್ಲ. ನಮ್ಮ ಹಿತ್ತಲ ಮನಿಯಾಗೂ ಒಬ್ಬಾಂವ ಇದ್ದ, ತನ್ನ ಮನಿ ಅಂತ ತಿಳದಿದ್ದ. ಬಿಡಸಾಕ ಮೂರ ವರ್ಷ ಆತು."

ಬಾಡಿಗೆಯವನ ಜೊತೆ ಸಂಸಾರ ಸುಲಭವಿರಲಿಲ್ಲ. ಅಡ್ಡಿ ಬಂದಾಗಲೆಲ್ಲ ಅಚ್ಚುಕೂಟಕ್ಕೆ ಫೋನು ಮಾಡುತ್ತಿದ್ದೆ. "ಅದರ ಮ್ಯಾಲ ರೈಟ್ ಕ್ಲಿಕ್ ಮಾಡ್ರಿ," ಎನ್ನುತ್ತಿದ್ದರು ಅವರು. ನನ್ನ ಯಂತ್ರಕ್ಕೆ ಇದ್ದದ್ದು ಒಂದೇ ಗುಂಡಿ. "ಬಲಗಡೆ ಗುಂಡಿ ಇಲ್ರಿ," ಎಂದರೆ, "ಇಲ್ಲಂದ್ರ ಎಲ್ಲಿ ಹೋತ್ರಿ? ಕಿತ್ತ ಬಿದ್ದೈತೇನು ನೋಡ್ರಿ, ಟೇಬಲ್ ಕೆಳಗ," ಎಂದು ಕಾಳಜಿಯಿಂದ ಹೇಳುತ್ತಿದ್ದರು. ಆದರೂ ಎರಡು ದಿನದಲ್ಲಿ ಲೇಬಲ್ಲು ಸಿದ್ಧವಾಯಿತು: ಮಂದ ಹಳದಿ ಕಾಗದ, ಕೆಂಪು ಅಕ್ಷರ, ಒಂದು ಮೂಲೆಯಲ್ಲಿ ಸುಕ್ಕುಸುಕ್ಕಾದ ಒಂದು ಮೆಣಸಿನಕಾಯಿ. ಕೆಳಗೆ ಅತ್ತೆಯ ಹೆಸರು, ಗಂಡನ ಹೆಸರಿನ ಬಾಲವಿಲ್ಲದೆ.

ಕನ್ನಡದ ಅಕ್ಷರಗಳನ್ನು ಮಾತ್ರ ನಾನು ಒಳಗೆ ಟೈಪು ಮಾಡಲಿಲ್ಲ. ಹಾವೇರಿಯ ಟೈಪಿಂಗ್ ಕೇಂದ್ರದಲ್ಲಿ ಮಾಡಿಸಿ, ನನ್ನ ಇ-ಮೇಲಿಗೆ ತರಿಸಿಕೊಂಡಿದ್ದೆ. ಆ ದಿನಗಳಲ್ಲಿ ಕನ್ನಡವು ಕಂಪ್ಯೂಟರಿನಲ್ಲಿ ವೇಷ ಮರೆಸಿಕೊಂಡು ತಿರುಗುತ್ತಿತ್ತು. ಇ-ಮೇಲಿನಲ್ಲಿ ತೆರೆದರೆ ರೋಮನ್ ಅಕ್ಷರ, ಚಿಹ್ನೆ, ಕೊಂಬು, ಬಾಲಗಳ ಒಂದು ಅಸಂಬದ್ಧ ಜಾತ್ರೆ. ಅದನ್ನು ಎತ್ತಿ ವಿನ್ಯಾಸದಲ್ಲಿ ಇಟ್ಟು ಕನ್ನಡದ ಫಾಂಟು ತೊಡಿಸಿದರೆ ಆಗ ಅಕ್ಷರವಾಗಿ ನಿಲ್ಲುತ್ತಿತ್ತು. ಇ-ಮೇಲನ್ನು ಮ್ಯಾಕಿನಲ್ಲಿ ತೆರೆದೆ, ಅಲ್ಲಿಂದ ಎತ್ತಿದೆ, ಒಳಗಿನ ವಿಂಡೋಸಿನಲ್ಲಿ ಇಟ್ಟೆ, ಫಾಂಟು ತೊಡಿಸಿದೆ. ಎಲ್ಲವೂ ಸೊಗಸಾಗಿ ನಿಂತಿತು. ನಿಂತಿತು ಎಂದು ನಾನು ತಿಳಿದೆ.

ಗುರುವಾರ ಅಚ್ಚಾದ ಲೇಬಲ್ಲಿನ ಕಟ್ಟು ಹೊತ್ತು ಬ್ಯಾಡಗಿಗೆ ಬಂದಾಗ ಅತ್ತೆಯ ಪಡಸಾಲೆಯಲ್ಲಿ ಪಕ್ಕದ ಮನೆಯ ಹಮಾಲರೊಬ್ಬರು ಕೂತಿದ್ದರು. ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊತ್ತು ಮಧ್ಯಾಹ್ನ ನೀರು ಕುಡಿಯಲು ಬರುವ ರೂಢಿ ಅವರದ್ದು. ಅತ್ತೆ ಕೈ ತೊಳೆದು, ಸೆರಗಿಗೆ ಒರೆಸಿ, ಒಂದು ಲೇಬಲ್ಲನ್ನು ಬೆಳಕಿಗೆ ಹಿಡಿದಳು. ಅವಳು ಓದಿದ್ದು ನಾಲ್ಕನೆಯ ಇಯತ್ತೆ. ಓದುವಾಗ ಬೆರಳಿಟ್ಟು, ಒಂದೊಂದೇ ಅಕ್ಷರವನ್ನು ಕಾಳಿನಂತೆ ಆರಿಸುತ್ತಾಳೆ. ಮೊದಲು ಕೆಳಗಿದ್ದ ತನ್ನ ಹೆಸರನ್ನು ಓದಿದಳು. ಎರಡು ಸಲ ಓದಿದಳು. ಆಮೇಲೆ ಬೆರಳು ಮೇಲಕ್ಕೆ ಹೋಯಿತು.

"ಬಾ... ಡ... ಗಿ." ಬೆರಳು ನಿಂತಿತು. "ಬಾಡಗಿ ಖಾರಪುಡಿ."

"ಬ್ಯಾಡಗಿ, ಅತ್ತಿ."

"ನೀ ಬಾಯಾಗ ಅಂತೀದಿ ಬೇ. ಇಲ್ಲಿ ಬಾ ಐತಿ. ಬ್ಯಾ ಎಲ್ಲೈತಿ? ಯ ಒತ್ತು ಎಲ್ಲಿ ಹೋತು?"

ನಾನು ಕಸಿದುಕೊಂಡು ನೋಡಿದೆ. ಕೆಂಪಾಗಿ, ದಪ್ಪವಾಗಿ, ಕಣ್ಣು ಕುಕ್ಕುವಂತೆ: ಬಾಡಗಿ ಖಾರಪುಡಿ. ನಮ್ಮ ಸೀಮೆಯಲ್ಲಿ ಬಾಡಗಿ ಎಂದರೆ ಬಾಡಿಗೆ. ಕಟ್ಟಿನಿಂದ ಇನ್ನೊಂದನ್ನು ಎಳೆದೆ, ನಡುವಿನಿಂದ ಒಂದನ್ನು, ತಳದಿಂದ ಒಂದನ್ನು. ಎಲ್ಲವೂ ಬಾಡಿಗೆಯವೇ.

ಹಮಾಲರು ಲೋಟ ಕೆಳಗಿಟ್ಟರು. "ಅಕ್ಕಾರ, ಖಾರಾ ಬಾಡಗಿಗೆ ಕೊಡಾಕ ಹತ್ತೀರೇನ್ರಿ? ಅಡ್ವಾನ್ಸ್ ಎಷ್ಟ ಮತ್ತ?"

"ಸುಮ್ನಿರೋ."

"ಅಲ್ರಿ, ಬಾಡಗಿ ಅಂದ್ರ ವಾಪಸ್ ಕೊಡಬೇಕಲ್ಲ? ತಿಂದ ಖಾರಾ ಮರುದಿನ ಮುಂಜಾನಿ..."

"ಆ ವಾಪಸ್ಸು ನನಗ ಬ್ಯಾಡೋ ಯಪ್ಪಾ, ನೀನ ಇಟ್ಕೋ!" ಎಂದು ಅತ್ತೆ ಅವರ ಮಾತನ್ನು ಅರ್ಧಕ್ಕೇ ಕತ್ತರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಡಬ್ಬಿಯಾಗ ಕುಂತಾನಲ್ಲ ಬಾಡಗಿಯಾಂವ, ತನ್ನ ಹೆಸರ ಬರದಾನ ನೋಡ," ಎಂದಳು. ಹಮಾಲರು ಹೊಟ್ಟೆ ಹಿಡಿದು ನಕ್ಕರು. ನನಗೂ ನಗು ಬಂತು. ಅತ್ತೆ ಮಾತ್ರ ನಗಲಿಲ್ಲ. "ಇಡೀ ದೇಶಕ್ಕ ಮೆಣಸಿನಕಾಯಿ ಕಳಸೂ ಊರಿನ ಹೆಣ್ಮಗಳು ಊರಿನ ಹೆಸರ ಬರಿಯಾಕ ಬರೂದಿಲ್ಲ ಅಂತ ಕಪಾಟದಾಗ ಕುಂದ್ರಲೇನ ನಾನು?" ಎಂದು ಮೆಲ್ಲಗೆ ಕೇಳಿ, ಲೇಬಲ್ಲನ್ನು ಮಗುಚಿ ಇಟ್ಟಳು. ಸೋಮವಾರಕ್ಕೆ ನಾಲ್ಕು ದಿನವಿತ್ತು.

ನನ್ನೊಳಗಿನ ಅರ್ಜಿದಾರಳು ಎದ್ದು ನಿಂತಳು. ಶುಕ್ರವಾರ ಬೆಳಗಿನಿಂದ ಫೋನು ಹಿಡಿದೆ. ನನಗೆ ಬೇಕಾಗಿದ್ದದ್ದು ಒಂದೇ ಉತ್ತರ: ಈ ಯ ಒತ್ತನ್ನು ನುಂಗಿದವರು ಯಾರು? ಲ್ಯಾಪ್‌ಟಾಪನ್ನು ಮಾರಿಸಿಕೊಟ್ಟಿದ್ದ ಹುಬ್ಬಳ್ಳಿಯ ವ್ಯಾಪಾರಿ, "ಒಳಗ ವಿಂಡೋಸ್ ಹಾಕಿದಾವ್ರು ನೀವು, ನಮ್ದೇನ್ ಸಂಬಂಧ?" ಎಂದರು. ವಿನ್ಯಾಸದ ತಂತ್ರಾಂಶ ಮಾರುವವರು, ಮ್ಯಾಕಿನ ಹೆಸರು ಕೇಳಿದೊಡನೆ, ಅದು ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ಸಭ್ಯ ಇಂಗ್ಲಿಷಿನಲ್ಲಿ ತಿಳಿಸಿದರು. ಫಾಂಟು ಮಾಡಿದವರು, ತಮ್ಮ ಫಾಂಟಿನಲ್ಲಿ ಯ ಒತ್ತು ಸುಕ್ಷೇಮವಾಗಿದೆ ಎಂದರು. ಟೈಪಿಂಗ್ ಕೇಂದ್ರಕ್ಕೆ ನಾನೇ ಹೋದೆ; ಅಲ್ಲಿನ ಅಕ್ಕ ಮಾತ್ರ ತನ್ನ ಪರದೆಯ ಮೇಲೆ ಮೂಲವನ್ನು ತೆರೆದು ತೋರಿಸಿದಳು: ವೇಷ ಹಾಕಿದ ಆ ಸಾಲಿನಲ್ಲಿ ಬಾ ಅಕ್ಷರದ ಬೆನ್ನಿಗೆ ಒಂದು ಸಣ್ಣ ಚಿಹ್ನೆ ಇತ್ತು. ನನ್ನ ಮ್ಯಾಕಿನಲ್ಲಿ ಅದೇ ಇ-ಮೇಲು ತೆರೆದರೆ ಆ ಚಿಹ್ನೆ ಇರಲಿಲ್ಲ. ಹೊರಮನೆಯವನಾದ ಮ್ಯಾಕಿಗೆ ಗುರುತಿಲ್ಲದ ಆ ಒಂದು ಚಿಹ್ನೆ, ಒಳಮನೆಗೆ ದಾಟುವ ಮೊದಲೇ ಹೊರಮನೆಯ ಹೊಸ್ತಿಲಲ್ಲಿ ಉದುರಿತ್ತು. ಮಿಕ್ಕ ಒತ್ತುಗಳೆಲ್ಲ ದಾಟಿದ್ದವು. ಮ್ಯಾಕ್ ಎಂದು ಬರೆಯಲಿಕ್ಕೂ ಬೇಕಾಗುವ ಒತ್ತನ್ನೇ ಮ್ಯಾಕು ಕಳೆದಿತ್ತು.

ಅಂದು ಬಂದ ಸಿಟ್ಟನ್ನು ನಾನು ಇಂದಿಗೂ ಹಿಂದಕ್ಕೆ ತೆಗೆದುಕೊಂಡಿಲ್ಲ. ಕೋಟಿಗಟ್ಟಲೆ ಜನ ಆಡುವ ನುಡಿಯೊಂದು ಯಂತ್ರದೊಳಗೆ ಪರರ ಅಂಗಿ ತೊಟ್ಟು ಕಳ್ಳನಂತೆ ಓಡಾಡಬೇಕು; ಅದರ ಒಂದು ಅಕ್ಷರ ಬಿದ್ದರೆ ಯಂತ್ರದವರು ತಂತ್ರಾಂಶದವರ ಕಡೆ, ತಂತ್ರಾಂಶದವರು ಫಾಂಟಿನವರ ಕಡೆ, ಫಾಂಟಿನವರು ಬಳಸಿದವರ ಕಡೆ ಕೈ ತೋರಿಸಬೇಕು. ಎಲ್ಲರ ಬಳಿಯೂ ನಿಯಮವಿದೆ, ಯಾರ ಬಳಿಯೂ ಹೊಣೆಯಿಲ್ಲ. ಶನಿವಾರ ಬೆಳಗಿನ ಗಾಡಿಯಲ್ಲಿ ಕೂತು ಇದನ್ನೆಲ್ಲ ಖಡಕ್ಕಾದ ಎರಡು ಪುಟಗಳಲ್ಲಿ ಬರೆದೆ. ಬರೆಯುತ್ತ ಬರೆಯುತ್ತ ರಾಣೆಬೆನ್ನೂರು ಬಂತು. ಉಳಿದಿದ್ದವರು ಅಚ್ಚುಕೂಟದವರೊಬ್ಬರೇ. ಕಣ್ಣಿಗೆ ಕಾಣುವ ತಪ್ಪನ್ನು ಕಂಡೂ ಅಚ್ಚು ಹಾಕಿದ್ದಕ್ಕೆ ಅವರು ಉತ್ತರಿಸಲೇಬೇಕಿತ್ತು.

ಅವರು ನನ್ನ ಭಾಷಣವನ್ನು ಪೂರ್ತಿ ಕೇಳಿದರು. "ಕುಂದ್ರಿ," ಎಂದರು. ಚಹಾ ಹೇಳಿದರು. ಆಮೇಲೆ ಒಂದು ಫೈಲು ತೆಗೆದು, ಒಳಗಿನಿಂದ ಒಂದು ಹಾಳೆಯನ್ನು ನನ್ನ ಮುಂದೆ ಸರಿಸಿದರು. ಬುಧವಾರದ ಪ್ರೂಫು. ಅಚ್ಚಿಗೆ ಮೊದಲು ನೋಡಿ ಒಪ್ಪಿಕೊಡಿ ಎಂದು ಅವರೇ ಕೊಟ್ಟದ್ದು. ಮೇಲೆ ದಪ್ಪಕ್ಷರದಲ್ಲಿ ಬಾಡಗಿ ಖಾರಪುಡಿ. ಕೆಳಗೆ, ಓರೆಯಾದ, ಆತ್ಮವಿಶ್ವಾಸ ತುಂಬಿದ ಕೈಬರಹದಲ್ಲಿ: ಸರಿ ಇದೆ. ಅದರಡಿ ನನ್ನ ಸಹಿ.

"ನಾ ಓದೂದಿಲ್ರಿ ಮೇಡಮ್ಮಾರ," ಎಂದರು ಅವರು, ಮುಜುಗರದಿಂದ. "ದಿನಾ ನೂರಾ ಎಂಟ ಲಗ್ನಪತ್ರಿಕಿ. ಓದಾಕ ಹತ್ತಿದ್ರ ಮದುಮಕ್ಕಳಿಗೆ ಮೊಮ್ಮಕ್ಕಳಾಗ್ತಾವ. ಅದಕ್ಕ ಓದಿದಾವ್ರ ಸಹಿ ತಗೋತೇವಿ. ನೀವು ಓದಿದಾವ್ರಲ್ಲ..."

ಓದಿದವಳೇ. ಎರಡು ಪದವಿ ಓದಿದವಳು. ಅದಕ್ಕೇ ಓದಿರಲಿಲ್ಲ. ಬ್ಯಾಡಗಿ ಎಂದು ಇರಬೇಕಾದ ಕಡೆ ನನ್ನ ಕಣ್ಣು ಬ್ಯಾಡಗಿ ಎಂದೇ ಕಂಡು ಮುಂದೆ ಜಾರಿತ್ತು. ಬೆರಳಿಟ್ಟು ಓದುವ ಅತ್ತೆಗೆ ಒಂದು ನಿಮಿಷದಲ್ಲಿ ಸಿಕ್ಕ ತಪ್ಪಿನ ಕೆಳಗೆ ನಾನು ಸಹಿ ಹಾಕಿದ್ದೆ. ಎರಡು ಪುಟದ ನನ್ನ ಬರಹದಲ್ಲಿ ಹೊಣೆಗಾರರ ಸಾಲಿನಲ್ಲಿ ಇಲ್ಲದಿದ್ದದ್ದು ಒಂದೇ ಹೆಸರು. ಅಲ್ಲಿಯೇ, ಅವರ ಪೆನ್ನು ಇಸಿದುಕೊಂಡು, ಅದನ್ನು ಸೇರಿಸಿದೆ. ಮಿಕ್ಕವರನ್ನು ತೆಗೆಯಲಿಲ್ಲ. ಅವರ ಪಾಲು ಅವರಿಗೆ, ನನ್ನ ಪಾಲು ನನಗೆ.

"ಮತ್ತ ಹಾಕಾಕ ಆಗ್ತದೇನ್ರಿ, ಸೋಮವಾರದೊಳಗ?"

"ಮಷಿನ್ ಮ್ಯಾಲ ಲಗ್ನ ನಡದಾವ್ರಿ. ಮುಂದಿನ ಶುಕ್ರವಾರ." ಅವರು ಲೇಬಲ್ಲನ್ನು ಕೈಯಲ್ಲಿ ಹಿಡಿದು ದೂರದಿಂದ, ಹತ್ತಿರದಿಂದ ನೋಡಿದರು. ಬಾ ಅಕ್ಷರದ ಬುಡಕ್ಕೆ ಹೆಬ್ಬೆರಳು ಇಟ್ಟರು. "ಜಾಗಾ ಐತಿ ನೋಡ್ರಿ ಇಲ್ಲಿ," ಎಂದರು ನಿಧಾನವಾಗಿ. "ಒತ್ತ ತಾನ ಬೇಕಾದದ್ದು? ಒತ್ತಿಬಿಡ್ರಿ."

ಎರಡು ಅಂಗಡಿ ಆಚೆ ರಬ್ಬರ್ ಸ್ಟಾಂಪು ಮಾಡುವವರಿದ್ದರು. ಬರೆದುಕೊಟ್ಟ ಚೀಟಿಯನ್ನು ಅವರು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದೇನ್ರಿ ಇದು, ಕುಡಗೋಲ?"

"ಯ ಒತ್ತು."

"ಅಕ್ಷರಾ ಎಲ್ಲೈತಿ?"

"ಅಕ್ಷರಾ ಬ್ಯಾಡ್ರಿ. ಬರೇ ಒತ್ತು."

"ಮೂವತ್ತ ವರ್ಷದಿಂದ ಸ್ಟಾಂಪ್ ಮಾಡಾಕತ್ತೇನಿ," ಎಂದರು ಅವರು, ಕನ್ನಡಕದ ಮೇಲಿನಿಂದ ನನ್ನನ್ನು ನೋಡುತ್ತ. "ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಎಲ್ಲಾರ್ನೂ ಮಾಡೇನಿ. ಒತ್ತೊಂದ ಕೇಳಿದಾವ್ರು ನೀವ ಮೊದಲ." ಆದರೂ ಮಾಡಿಕೊಟ್ಟರು, ಮೂರು. ಕೆಂಪು ಇಂಕು ಮುಗಿದಿತ್ತು; ನೇರಳೆ ಬಣ್ಣದ ಪ್ಯಾಡೇ ಗತಿಯಾಯಿತು.

ಅತ್ತೆಯ ಮುಂದೆ ಭಾನುವಾರ ನಾನು ಸುತ್ತು ಬಳಸದೆ ಹೇಳಿದೆ: "ತಪ್ಪ ನಂದ, ಅತ್ತಿ. ನೋಡಿ ಸಹಿ ಹಾಕಿದ್ದೆ." ಅತ್ತೆ ನನ್ನನ್ನೊಮ್ಮೆ ನೋಡಿ, "ಅದನ್ನ ಹೇಳಾಕ ಮೂರ ದಿನಾ ಬೇಕಾತಾ? ಕುಂದರ, ಲಗೂ ಒತ್ತು," ಎಂದಳು. ಅವಳೊಂದಿಗೆ ತೊಟ್ಟು ಮುರಿಯುವ ಇಬ್ಬರು ಹೆಂಗಸರು ಬಂದರು. ಪಡಸಾಲೆಯ ಚಾಪೆಯ ಮೇಲೆ ಹಳದಿ ಲೇಬಲ್ಲುಗಳು ಸಾಲಾಗಿ ಹರಡಿದವು. ಒಬ್ಬಾಕೆ ಒತ್ತುವುದು, ಒಬ್ಬಾಕೆ ಊದಿ ಆರಿಸುವುದು, ಒಬ್ಬಾಕೆ ಅಂಟಿಸುವುದು. ಅತ್ತೆ ಪ್ರತಿಯೊಂದನ್ನೂ ಬೆರಳಿಟ್ಟು ಓದಿ, "ಬ್ಯಾ" ಎಂದು ಗಟ್ಟಿಯಾಗಿ ಅಂದಮೇಲೆಯೇ ಮುಂದಕ್ಕೆ ಬಿಡುವಳು. ಬ್ಯಾ, ಬ್ಯಾ, ಬ್ಯಾ. ಓಣಿಯಲ್ಲಿ ಹೋಗುತ್ತಿದ್ದ ಹಮಾಲರು ಇಣುಕಿ, "ಕುರಿ ಯಾವಾಗ ತಂದ್ರಿ ಅಕ್ಕಾರ?" ಎಂದು ಕೇಳಿದರು. ನಾನು ಒತ್ತಿದವುಗಳಲ್ಲಿ ಹತ್ತಕ್ಕೆ ಎರಡು ಸೊಟ್ಟಗಾದವು. ಮಧ್ಯಾಹ್ನದ ಹೊತ್ತಿಗೆ ನನ್ನನ್ನು ಊದುವ ಕೆಲಸಕ್ಕೆ ಇಳಿಸಲಾಯಿತು.

ಸೋಮವಾರ ಹಾವೇರಿಯ ಅಂಗಡಿಯಲ್ಲಿ ಮಾಲೀಕರು ಪೊಟ್ಟಣವನ್ನು ಕೈಗೆತ್ತಿಕೊಂಡರು. ಅವರ ಹಿಂದೆ ಕಪಾಟಿನ ಆ ಸಾಲು ಖಾಲಿಯಿತ್ತು. ಕೆಳಗೆ ನೆಲದ ಮೇಲೆ ಹೊರಗಿನ ಕಂಪನಿಯ ಪೆಟ್ಟಿಗೆಯೊಂದು ಬಾಯಿ ತೆರೆದು ಕಾಯುತ್ತಿತ್ತು.

"ಇದೇನ್ರಿ, ಊರೆಲ್ಲ ಕೆಂಪು, ಒತ್ತ ಒಂದ ನೇರಳಿ?"

ನಾನು ಗಂಟಲು ಸರಿಮಾಡಿಕೊಂಡೆ. ಹೊರಗಿನ ಯಂತ್ರ, ಒಳಗಿನ ಯಂತ್ರ, ವೇಷ, ಹೊಸ್ತಿಲು, ಎಲ್ಲವನ್ನೂ ಕ್ರಮವಾಗಿ ವಿವರಿಸಲು ಸಿದ್ಧಳಾಗಿದ್ದೆ. ಅತ್ತೆ ಮೊಳಕೈಯಿಂದ ನನ್ನನ್ನು ಹಿಂದಕ್ಕೆ ಸರಿಸಿದಳು.

"ನಮ್ಮ ಹುಡುಗಿ ತಪ್ಪ ಮಾಡಿದ್ಲು, ನಾವು ತಿದ್ದೇವಿ. ಲೇಬಲ್‌ನ್ಯಾಗ ತಪ್ಪಿತ್ತು, ಖಾರದಾಗಿಲ್ಲ. ಕೈ ಹಿಡೀರಿ."

ಮಾಲೀಕರು ಅಂಗೈ ಚಾಚಿದರು. ಅತ್ತೆ ಒಂದು ಚಿಟಿಕೆ ಹಾಕಿದಳು. ಅವರು ಮೂಸಿದರು, ಬಣ್ಣ ನೋಡಿದರು, ನಾಲಿಗೆಗೆ ಮುಟ್ಟಿಸಿದರು. ಕೆಮ್ಮು ಬರಲಿಲ್ಲ, ಕಣ್ಣು ಮಾತ್ರ ಅರಳಿತು. ಕಂಪನಿಯ ಪೆಟ್ಟಿಗೆಯನ್ನು ಕಾಲಿನಿಂದ ಗಲ್ಲಾ ಮೇಜಿನ ಕೆಳಗೆ ತಳ್ಳಿ, ಪೊಟ್ಟಣಗಳನ್ನು ಒಂದೊಂದಾಗಿ ಸಾಲಿನಲ್ಲಿ ಇಡತೊಡಗಿದರು.

ನಾವು ಹೊರಡಬಹುದಿತ್ತು. ಅತ್ತೆ ಹೊರಡಲಿಲ್ಲ. ಸಾಬೂನು ನೋಡುವವಳಂತೆ ಆ ಕಪಾಟಿನ ಆಚೆ ಬದಿಗೆ ನಿಂತಳು. ಹಸಿರು ಸಾಬೂನು ಮೂಸಿದಳು, ಗುಲಾಬಿ ಸಾಬೂನು ಮೂಸಿದಳು. ಬ್ಯಾಡಗಿಯ ಗಾಡಿಯ ಹೊತ್ತಾಗುತ್ತಿದೆ ಎಂದು ನಾನು ಎರಡು ಸಲ ಪಿಸುಗುಟ್ಟಿದೆ. ಕೊನೆಗೆ ಹತ್ತಿರದ ಅಗಡಿ ಊರಿನ ಕಡೆಯವರಂತೆ ಕಂಡ ಒಬ್ಬ ರೈತರು ಬಂದರು; ಬೆಲ್ಲ ಕೇಳಿದರು, ಬಟ್ಟೆಯ ಸೋಡಾ ಕೇಳಿದರು, ಕೈ ಚಾಚಿ ಅತ್ತೆಯ ಪೊಟ್ಟಣವೊಂದನ್ನು ತೆಗೆದು ಬೆಲ್ಲದ ಮೇಲಿಟ್ಟರು. ಲೇಬಲ್ಲಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ಓದಲೇ ಇಲ್ಲ ಅಂವಾ!" ಎಂದೆ ನಾನು, ಮೆಟ್ಟಿಲಿಳಿಯುತ್ತ. ನನ್ನ ಬೆರಳುಗಳು ಇನ್ನೂ ನೇರಳೆಯಾಗಿದ್ದವು. "ಇಷ್ಟ ಒದ್ದಾಡಿ ಒತ್ತೇವಿ!"

"ಅಂವಾ ಓದಾಕ ಒಯ್ದಿಲ್ಲ ಬೇ," ಎಂದಳು ಅತ್ತೆ, ನನಗಿಂತ ಎರಡು ಹೆಜ್ಜೆ ಮುಂದೆ, ಸ್ಟೇಶನ್ನಿನ ಕಡೆ ದಾಪುಗಾಲಿಡುತ್ತ. "ತಿನ್ನಾಕ ಒಯ್ದಾನ."